ಕಚ್ಚಾ ಮಾಲು

ಕ್ಯಾನಕ್ಕ ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದ ಕೆಲಸಕ್ಕೆ ಔಷಧಿ ಫ್ಯಾಕ್ಟರಿಯವರ ಬಾಯಲ್ಲಿ ಕಚ್ಚಾ ಮಾಲಿನ ಸಂಗ್ರಹಣೆ ಎಂದು ಹೆಸರು. ಅವಳ ಬಾಯಲ್ಲಿ ಉಚ್ಚೆ ಹೊರುವುದು. ಕಂಡವರ ಉಚ್ಚೆ. ಕಂಡವರಲ್ಲೂ ಗಂಡಸರದು ಬೇಡ, ಚಿಕ್ಕ ವಯಸ್ಸಿನವರದು ಬೇಡ. ಮುಟ್ಟು ನಿಂತ ಹೆಂಗಸರದೇ ಆಗಬೇಕು. "ಈ ವಯಸ್ಸಿಗೆ ನಮ್ಮಿಂದ ಜಗತ್ತಿಗೆ ಬೇಕಾಗಿರೋದು ಇದೊಂದೇ ನೋಡಿ, ಧಾರಾಳವಾಗಿ ಕೊಡಿ" ಎಂದು ಅವಳು ಮನೆ ಮನೆಯಲ್ಲೂ ಹೇಳುತ್ತಿದ್ದಳು. ಹೆಂಗಸರು ನಗುತ್ತಿದ್ದರು. ನಗುನಗುತ್ತ ಡಬ್ಬಿ ಕೊಡುತ್ತಿದ್ದರು.

ಬೆಳಗ್ಗೆ ಐದೂವರೆಗೆ ತಳ್ಳುಗಾಡಿಗೆ ಇಪ್ಪತ್ತು ಲೀಟರಿನ ನಾಲ್ಕು ಕ್ಯಾನು ಕಟ್ಟಿಕೊಂಡು ಹೊರಟರೆ ಮೂರು ಓಣಿ ಮುಗಿಸುವಷ್ಟರಲ್ಲಿ ಎಂಟು ಗಂಟೆ. ಮೂವತ್ತೆಂಟು ಮನೆ. ಕೆಲವು ಮನೆಗಳು ಮೂರನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಬೇಕು, ನೀಲಿ ಮುಚ್ಚಳದ ಡಬ್ಬಿ ಎತ್ತಬೇಕು, ಚೆಲ್ಲದ ಹಾಗೆ ಇಳಿಯಬೇಕು, ಜಾಲರಿ ಇಟ್ಟು ಕ್ಯಾನಿಗೆ ಸುರಿಯಬೇಕು, ಡಬ್ಬಿ ತೊಳೆದು ವಾಪಸು ಇಟ್ಟು ಬರಬೇಕು. ಬೇಸಿಗೆಯಲ್ಲಿ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಬೆರಳ ಸಂದಿಯ ಚರ್ಮ ಸುಲಿದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬಸ್ಸಿನಲ್ಲಿ ಅವಳ ಪಕ್ಕ ಸೀಟು ಖಾಲಿ ಇದ್ದರೂ ಜನ ನಿಂತೇ ಹೋಗುತ್ತಿದ್ದರು. "ನನಗೆ ಯಾವಾಗಲೂ ಎರಡು ಸೀಟು, ಮಹಾರಾಣಿ ನಾನು" ಎಂದು ಅವಳು ಮನೆಗೆ ಬಂದು ತಂಗಿಗೆ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡು ಎರಡು ಸಲ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು.

ಉಚ್ಚೆಯಲ್ಲಿ ಏನಿದೆ ಎಂದು ಅವಳಿಗೆ ಹೇಳಿಕೊಟ್ಟಿದ್ದು ಹಿಂದಿನ ಗೇಟಿನಲ್ಲಿ ಮಾಲು ಪರೀಕ್ಷೆ ಮಾಡುವ ಕೆಮಿಸ್ಟ್ ಮೇಡಂ. "ನಿಮ್ಮ ತಲೆಯೊಳಗೆ ಒಂದು ಪುಟ್ಟ ಗ್ರಂಥಿ ಇದೆ ಅಕ್ಕ. ಮೊಟ್ಟೆ ಬೆಳೆಸು ಅಂತ ಅದು ಕೆಳಗಿನ ಅಂಡಾಶಯಕ್ಕೆ ಹಾರ್ಮೋನು ಕಳಿಸುತ್ತೆ. ಮುಟ್ಟು ನಿಂತ ಮೇಲೆ ಅಂಡಾಶಯ ಅಂಗಡಿ ಮುಚ್ಚಿಬಿಡುತ್ತೆ. ಮೇಲಿನವರಿಗೆ ಅದು ಗೊತ್ತಾಗಲ್ಲ. ಉತ್ತರ ಬರಲಿಲ್ಲ ಅಂತ ಇನ್ನೂ ಜಾಸ್ತಿ ಜಾಸ್ತಿ ಕಳಿಸ್ತಾನೇ ಇರುತ್ತೆ. ಅದೆಲ್ಲ ಉಚ್ಚೇಲಿ ಹೋಗುತ್ತೆ."

"ಥೇಟ್ ನಮ್ಮತ್ತೆ" ಎಂದಳು ಕ್ಯಾನಕ್ಕ. "ಕೇಳೋರಿಲ್ಲದಿದ್ರೆ ಇನ್ನೂ ಜೋರಾಗಿ ಕೂಗೋರು."

ಸಾವಿರಾರು ಲೀಟರು ಉಚ್ಚೆಯನ್ನು ದೊಡ್ಡ ತೊಟ್ಟಿಗಳಲ್ಲಿ ಹಾಕಿ, ಅದಕ್ಕೆ ಇದನ್ನು ಬೆರೆಸಿ, ಅದನ್ನು ಸೋಸಿ, ತೊಳೆದು, ಒಣಗಿಸಿ, ಕೊನೆಗೆ ಒಂದು ಚಿಟಿಕೆ ಬಿಳಿ ಪುಡಿ ತೆಗೆಯುತ್ತಿದ್ದರು. ಅದು ಇಂಜೆಕ್ಷನ್ ಆಗುತ್ತಿತ್ತು. ಮಕ್ಕಳಾಗದ ಹೆಂಗಸರಿಗೆ ಚುಚ್ಚಿದರೆ ಮೊಟ್ಟೆ ಬಲಿಯುತ್ತಿತ್ತು, ಮಕ್ಕಳಾಗುತ್ತಿದ್ದವು. ಇದನ್ನು ಕೇಳಿದ ದಿನ ಕ್ಯಾನಕ್ಕ ಗಾಡಿಯನ್ನು ಒಂಚೂರು ಎದೆ ಎತ್ತಿ ತಳ್ಳಿದ್ದಳು. ಮಕ್ಕಳಿಲ್ಲದ ತಾನು ಎಷ್ಟು ಮಕ್ಕಳಿಗೆ ಅಜ್ಜಿಯೋ ಎಂದು ಲೆಕ್ಕ ಹಾಕಲು ಹೋಗಿ, ಇಷ್ಟೊಂದು ಜಂಬ ಒಳ್ಳೆಯದಲ್ಲ ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡಿದ್ದಳು.

ಇನ್ನು ಹಿಂದಿನ ಗೇಟಿನ ಸಂಗತಿ. ಒಂಬತ್ತು ಗಂಟೆಯೊಳಗೆ ಎಲ್ಲ ಓಣಿಯ ಗಾಡಿಗಳೂ ಅಲ್ಲಿ ಸಾಲು ನಿಲ್ಲಬೇಕು. ನಲವತ್ತೆರಡು ಹೆಂಗಸರು, ನೂರಾರು ಕ್ಯಾನು. ಮೇಡಂ ಒಬ್ಬರೇ. ಒಂದೊಂದು ಕ್ಯಾನಿಗೂ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಬೇಕು. ನೀರು ಬೆರೆಸಿದ್ದಾರೋ ಎಂದು ತೇಲುಕಡ್ಡಿ ಇಳಿಬಿಡಬೇಕು. ಸಾಲು ಕರಗುವಷ್ಟರಲ್ಲಿ ಎರಡು ಗಂಟೆ, ಕೆಲವು ದಿನ ಮೂರು. ಸಾಲು ಬಿಟ್ಟರೆ ಸರದಿ ಹೋಯಿತು, ಕೊನೆಗೆ ಹೋಗಿ ನಿಲ್ಲಬೇಕು. ಗೇಟಿನಿಂದ ಹತ್ತು ಹೆಜ್ಜೆಗೆ ಬಿಳಿ ಟೈಲ್ಸ್ ಹಾಕಿದ ಪಾಯಿಖಾನೆ ಇತ್ತು. ಬಾಗಿಲ ಮೇಲೆ ‘ಸಿಬ್ಬಂದಿಗೆ ಮಾತ್ರ’ ಎಂದು ಬೋರ್ಡು. ಬಾಗಿಲಿಗೆ ಬೀಗ. ಬೀಗದ ಕೈ ಗಾರ್ಡಿನ ಸೊಂಟದಲ್ಲಿ. ಉಚ್ಚೆ ತರುವ ಹೆಂಗಸರು ಸಿಬ್ಬಂದಿ ಅಲ್ಲ. ಅವರು ಕಾರ್ಡಿನವರು, ಕೊರಳಲ್ಲಿ ನಂಬರಿನ ಕಾರ್ಡು, ತಂದ ಲೀಟರಿಗೆ ಇಷ್ಟು ಎಂದು ಕಾಸು. ಸುತ್ತ ಎತ್ತರದ ಗೋಡೆ, ಎದುರಿಗೆ ಲಾರಿ ಓಡಾಡುವ ರಸ್ತೆ. ಮರೆ ಎಂಬುದು ಎಲ್ಲೂ ಇಲ್ಲ.

ದಿನಕ್ಕೆ ಸಾವಿರಾರು ಲೀಟರು ಉಚ್ಚೆ ಕುಡಿಯುವ ಕಟ್ಟಡದಲ್ಲಿ ಅದನ್ನು ಹೊತ್ತು ತಂದವಳಿಗೆ ಒಂದು ಲೋಟದಷ್ಟು ಉಚ್ಚೆ ಹೊಯ್ಯಲು ಜಾಗವಿರಲಿಲ್ಲ. ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಕ್ಯಾನಕ್ಕನಿಗೂ ಅನ್ನಿಸಿರಲಿಲ್ಲ ಎನ್ನುವುದೇ ನಾಚಿಕೆಯ ವಿಷಯ. ಅವಳಂತೂ ಅದನ್ನು ತನ್ನ ಸಾಮರ್ಥ್ಯ ಮಾಡಿಕೊಂಡಿದ್ದಳು. ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ಒಂದು ಸಲ, ಮಧ್ಯಾಹ್ನ ಮನೆಗೆ ಬಂದ ಮೇಲೆ ಒಂದು ಸಲ. ನಡುವೆ ಸುದ್ದಿಯೇ ಇಲ್ಲ. "ನನ್ನದು ಕಬ್ಬಿಣದ ಮೂತ್ರಕೋಶ, ಸತ್ತ ಮೇಲೆ ಗುಜರಿಗೆ ಹಾಕಿ" ಎಂದು ಸಾಲಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಕಾಲ ಮೇಲೆ ಕಾಲು ಹೆಣೆದು ನಿಂತ ಹೊಸಬರು ಅವಳನ್ನು ಗುರು ಎಂದು ನೋಡುತ್ತಿದ್ದರು.

ಅವಳ ಪಟ್ಟಶಿಷ್ಯೆ ಅವಳ ತಂಗಿಯೇ. ಗಂಡ ಬಿಟ್ಟು ಹೋದ ಮೇಲೆ ಅಕ್ಕನ ಮನೆಗೆ ಬಂದವಳು, ನಲವತ್ತೆಂಟರ ವಯಸ್ಸು, ಮುಟ್ಟು ಬೇಗನೆ ನಿಂತಿತ್ತು. ಕ್ಯಾನಕ್ಕನೇ ಮ್ಯಾನೇಜರನ ಮುಂದೆ ಹಲ್ಲು ಗಿಂಜಿ ಅವಳಿಗೊಂದು ಕಾರ್ಡು ಕೊಡಿಸಿದ್ದಳು. ಗಾಡಿ ತಳ್ಳುವುದನ್ನು ಕಲಿಸಿದಳು, ಸುರಿಯುವುದನ್ನು ಕಲಿಸಿದಳು, ತಡೆದುಕೊಳ್ಳುವುದನ್ನೂ ಕಲಿಸಿದಳು.

"ಬೆಳಗ್ಗೆ ಎದ್ದ ಮೇಲೆ ನೀರು ಮುಟ್ಟಬೇಡ. ಬಾಯಾರಿದ್ರೆ ಬಾಯಿ ಮುಕ್ಕಳಿಸಿ ಉಗಿ. ಟೀ ಅಂತೂ ಬೇಡವೇ ಬೇಡ."

"ಓಣಿಯವರಿಗೆಲ್ಲ ಚೆನ್ನಾಗಿ ನೀರು ಕುಡೀರಿ ಅಂತ ಹೇಳ್ತೀಯಲ್ಲಕ್ಕ?"

"ಅವರು ಕೊಡೋರು ಕಣೇ. ನಾವು ಹೊರೋರು. ಎರಡಕ್ಕೂ ಒಂದೇ ನಿಯಮ ಆದ್ರೆ ಹೇಗೆ?"

ಎಂಥ ಬುದ್ಧಿವಂತೆ. ಮೂರು ವರ್ಷ ತಂಗಿ ಅಕ್ಕನ ಮಾತು ಚಾಚೂ ತಪ್ಪದೆ ಪಾಲಿಸಿದಳು. ಮೊದಲು ಉರಿ ಎಂದಳು. "ಶುರುವಿನಲ್ಲಿ ಹಾಗೇ, ಅಭ್ಯಾಸ ಆಗುತ್ತೆ" ಎಂದಳು ಕ್ಯಾನಕ್ಕ. ಆಮೇಲೆ ಸೊಂಟದ ಹಿಂದೆ ನೋವು ಎಂದಳು. "ಗಾಡಿ ಬಾಗಿ ತಳ್ತೀಯ, ಅದಕ್ಕೆ" ಎಂದಳು. ಒಂದು ಬೆಳಗ್ಗೆ ಸಾಲಿನಲ್ಲಿ ನಿಂತಿದ್ದ ಹಾಗೆಯೇ ತಂಗಿ ನಡುಗತೊಡಗಿದಳು. ಸುಡು ಬಿಸಿಲು, ಇವಳಿಗೆ ಹಲ್ಲು ಕಟಕಟ. ಅವಳ ಸರದಿ ಬಂತು. ಮೇಡಂ ಕ್ಯಾನಿಗೆ ಅದ್ದಿದ ಪಟ್ಟಿ ನೇರಳೆ ಬಣ್ಣಕ್ಕೆ ತಿರುಗಿತು. ಕ್ಯಾನಿನ ಮಾಲು ಮಬ್ಬಾಗಿತ್ತು.

ತಂಗಿ ತನ್ನ ಉಚ್ಚೆಯನ್ನೂ ಅದೇ ಕ್ಯಾನಿಗೆ ಸೇರಿಸಿದ್ದಳು. ಅವಳದೂ ಲೆಕ್ಕಕ್ಕೆ ಬರುತ್ತಿತ್ತಲ್ಲ. ಅದರಲ್ಲಿ ಸೋಂಕಿತ್ತು. ಅವಳ ಒಂದು ಡಬ್ಬಿ ಉಚ್ಚೆ ಉಳಿದ ಹೆಂಗಸರದನ್ನೆಲ್ಲ ಕೆಡಿಸಿತ್ತು.

ಮ್ಯಾನೇಜರ್ ಹೊರಗೆ ಬಂದ. ಮೂಗಿಗೆ ಕರವಸ್ತ್ರ ಹಿಡಿದೇ ಬಂದ. "ತೊಳ್ಕೊಳ್ಳೋದು ಗೊತ್ತಿಲ್ವೇನೇ ನಿಂಗೆ? ಕೊಳಕಿ" ಎಂದು ನಲವತ್ತು ಜನರ ಮುಂದೆ ಕೇಳಿದ. ತಂಗಿಯ ಕೊರಳಲ್ಲಿದ್ದ ಕಾರ್ಡನ್ನು ಕಿತ್ತುಕೊಂಡ. ಅವಳು ತಂದಿದ್ದನ್ನೆಲ್ಲ ಅವಳ ಕೈಯಲ್ಲೇ ಮೋರಿಗೆ ಸುರಿಸಿದ. ಜ್ವರದಲ್ಲಿ ನಡುಗುತ್ತ, ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಒಂದೊಂದಾಗಿ ಬಗ್ಗಿಸಿ ಅವಳು ಸುರಿದಳು. ಕ್ಯಾನಕ್ಕ ನೋಡುತ್ತ ನಿಂತಿದ್ದಳು. ಸಾಲು ಬಿಟ್ಟರೆ ಸರದಿ ಹೋಗುತ್ತದಲ್ಲ. ಮುಂದೆಷ್ಟೋ ದಿನ ಅವಳಿಗೆ ಅನ್ನ ಸೇರದಂತೆ ಮಾಡಿದ್ದು ಇದೇ. ಮ್ಯಾನೇಜರ್ ಬೈದದ್ದಕ್ಕಿಂತ ತಾನು ಸಾಲು ಬಿಡದೆ ನಿಂತದ್ದು.

ಮರುದಿನ ಹಿಂದಿನ ಗೇಟಿಗೆ ಅಚ್ಚುಹಾಕಿದ ನೋಟೀಸು ಅಂಟಿಸಿದ್ದರು. ‘ಕಾರ್ಡ್ ಸಂಖ್ಯೆ 31. ಶುಚಿತ್ವವಿಲ್ಲದ ಕೊಳಕು ಮಾಲು ತಂದ ಕಾರಣ ರದ್ದು.’

ಆಸ್ಪತ್ರೆಯಲ್ಲಿ ಡಾಕ್ಟರು ತಂಗಿಯ ಬೆನ್ನು ತಟ್ಟಿ ನೋಡಿದರು. ತಟ್ಟಿದಲ್ಲಿ ಅವಳು ಚೀರಿದಳು.

"ದಿನಕ್ಕೆ ಎಷ್ಟು ಸಲ ಒಂದಕ್ಕೆ ಹೋಗ್ತೀರಿ?"

"ಎರಡು, ಮೂರು."

"ನೀರು?"

"ಮಧ್ಯಾಹ್ನ ಮನೆಗೆ ಬಂದ ಮೇಲೆ."

"ಸೋಂಕು ಮೂತ್ರಪಿಂಡಕ್ಕೆ ಏರಿದೆಯಲ್ಲಮ್ಮ. ಇಷ್ಟು ವರ್ಷ ಕಟ್ಟಿಕೊಂಡು ಕೂತ್ರೆ ಇನ್ನೇನಾಗುತ್ತೆ? ಇಂಥ ಅಭ್ಯಾಸ ಯಾರು ಮಾಡಿಸಿದ್ರು ನಿಮಗೆ?"

ತಂಗಿ ಸೂರು ನೋಡಿದಳು. ಅಕ್ಕನನ್ನು ನೋಡಲಿಲ್ಲ. ಅದು ಅವಳ ದೊಡ್ಡತನ. ಕ್ಯಾನಕ್ಕ ತಾನಾಗಿಯೇ ಕೈ ಎತ್ತಿದಳು, ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವವರ ಹಾಗೆ. "ನಾನೇ ಸಾರ್. ನಾನು ಅದರಲ್ಲಿ ಎಕ್ಸ್‌ಪರ್ಟು."

"ಏನು ಕೆಲಸ ಮಾಡ್ತೀರಿ ನೀವಿಬ್ಬರೂ?"

"ಉಚ್ಚೆ ಹೊರ್ತೀವಿ ಸಾರ್."

ಡಾಕ್ಟರಿಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. ಕ್ಯಾನಕ್ಕನೂ ನಕ್ಕಳು. ನಗಲಿಕ್ಕೆ ಅಷ್ಟು ಯೋಗ್ಯವಾದ ಮಾತನ್ನು ಅವಳೂ ಈಚೆಗೆ ಕೇಳಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಮಾತ್ರ ಅವಳಿಗೆ ಸಿಟ್ಟು ಬಂತು. ಕೊಳಕಿ ಅಂದನಲ್ಲ ಅವನು. ನನ್ನ ತಂಗಿಯನ್ನು. ಬೀಗ ಹಾಕಿದವನು ಅವನು.

ತಂಗಿ ಐದು ದಿನ ಆಸ್ಪತ್ರೆಯಲ್ಲಿ ಮಲಗಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಮನೆಗೆ ಬಂದಳು. ಜ್ವರ ಇಳಿದಿತ್ತು. ಆದರೆ ಓಣಿಗೆ ಹೋಗಲು ಒಲ್ಲೆ ಎಂದಳು. ನಲ್ಲಿಗೆ ನೀರು ಹಿಡಿಯಲು ಹೋಗಲೂ ಒಲ್ಲೆ, ನೋಟೀಸಿನ ಸುದ್ದಿ ಅಲ್ಲಿಗೂ ಬಂದಿತ್ತು. ದಿನಕ್ಕೆ ಮೂರು ಸಲ ಸ್ನಾನ ಮಾಡತೊಡಗಿದಳು. "ನನ್ನಿಂದ ವಾಸನೆ ಬರುತ್ತಾ ಅಕ್ಕ? ನಿಜ ಹೇಳು" ಎಂದು ಕೇಳುತ್ತಿದ್ದಳು. ಹದಿನಾಲ್ಕು ವರ್ಷದ ಅನುಭವದ ಮೂಗು ಕ್ಯಾನಕ್ಕನದು. ಬರಲ್ಲ ಕಣೇ ಎಂದರೆ ತಂಗಿ ನಂಬುತ್ತಿರಲಿಲ್ಲ. "ಕಾರ್ಡು ವಾಪಸ್ ಬಂದ್ರೆ ಎಲ್ಲರೂ ಸುಮ್ಮನಾಗ್ತಾರೆ. ಆ ನೋಟೀಸು ತೆಗೆಸು ಅಕ್ಕ. ಅಷ್ಟು ಮಾಡಿಸು."

ಅಷ್ಟು ಮಾಡಿಸಲು ಕ್ಯಾನಕ್ಕ ಮ್ಯಾನೇಜರನ ಕೋಣೆಯ ಹೊರಗೆ ನಾಲ್ಕು ಮಧ್ಯಾಹ್ನ ಕಾದಳು. ಐದನೇ ಮಧ್ಯಾಹ್ನ ಅವನೇ ಕರೆದ. ಕುರ್ಚಿ ತೋರಿಸಿದ. ಕ್ಯಾನಕ್ಕ ಗಾಬರಿಯಾದಳು. ಆ ಕೋಣೆಯಲ್ಲಿ ಅವಳಿಗೆ ಯಾರೂ ಕುರ್ಚಿ ತೋರಿಸಿದ್ದಿಲ್ಲ.

"ಬರೋ ಗುರುವಾರ ಸಮಾರಂಭ ಇದೆ ಅಕ್ಕ. ನಮ್ಮ ಇಂಜೆಕ್ಷನ್ನಿಂದ ಹುಟ್ಟಿದ ಮಕ್ಕಳು, ಅವರ ಅಪ್ಪ ಅಮ್ಮ, ದೊಡ್ಡ ದೊಡ್ಡ ಡಾಕ್ಟರುಗಳು ಎಲ್ಲ ಬರ್ತಾರೆ. ಸಂಗ್ರಾಹಕರ ಪರವಾಗಿ ನೀವು ಎರಡು ಮಾತಾಡಬೇಕು. ನಿಮಗೆ ಅಕ್ಷರ ಬರುತ್ತೆ ಅಲ್ವಾ? ನಾನೇ ಬರೆದುಕೊಡ್ತೀನಿ. ಓದಿದ್ರೆ ಸಾಕು."

ಏನೇ, ಕೊಳಕಿ ಅಂದ ಬಾಯಲ್ಲಿ ಈಗ ಅಕ್ಕ, ನೀವು. ಕ್ಯಾನಕ್ಕ ಆ ಬಾಯನ್ನೇ ನೋಡಿದಳು.

"ತಂಗಿ ಕಾರ್ಡು?"

"ಓದಿ ಕೆಳಗಿಳೀರಿ, ಕಾರ್ಡು ನಿಮ್ಮ ಕೈಯಲ್ಲಿ. ನೋಟೀಸೂ ತೆಗೆಸ್ತೀನಿ."

ಅವಳು ಕಾಗದ ಮನೆಗೆ ತಂದಳು. ಒಂದು ವಾರ ಬಾಯಿಪಾಠ ಮಾಡಿದಳು. ಕೊನೆಯ ಸಾಲು ಹೀಗಿತ್ತು: ‘ಸಂಸ್ಥೆಯು ನಮ್ಮನ್ನು ತಾಯಂದಿರಂತೆ ಕಾಣುತ್ತದೆ. ನಮ್ಮ ಆರೋಗ್ಯ, ಶುಚಿತ್ವ ಹಾಗೂ ಸಕಲ ಅನುಕೂಲಗಳಿಗೆ ಇಲ್ಲಿ ಮೊದಲ ಸ್ಥಾನ.’ ಅದನ್ನು ಓದುವಾಗಲೆಲ್ಲ ಅವಳ ನಾಲಿಗೆ ತೊಡರುತ್ತಿತ್ತು. ತೊಡರಿದರೇನು, ಸುಳ್ಳು ಹೇಳಿದರೆ ನಾಲಿಗೆಯೇನು ಬಿದ್ದು ಹೋಗುವುದಿಲ್ಲ ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಳು. ಓದುವುದು ಎಂದು ತೀರ್ಮಾನಿಸಿಯೇ ಅವಳು ಗುರುವಾರ ಮನೆ ಬಿಟ್ಟದ್ದು. ಇದನ್ನು ಮರೆಯಬಾರದು. ಆಮೇಲೆ ಓಣಿಯವರು ಅವಳನ್ನು ಹುಲಿ, ಸಿಂಹ ಎಂದೆಲ್ಲ ಹೊಗಳಿದರು. ಹುಲಿ ಆ ಬೆಳಗ್ಗೆ ಎರಡು ಸಲ ತಲೆ ಬಾಚಿಕೊಂಡು, ಕಾಗದವನ್ನು ನಾಲ್ಕು ಮಡಿಕೆ ಮಡಿಸಿ, ಬಾಲ ಮುದುರಿಕೊಂಡೇ ಹೋಗಿತ್ತು.

ಕೆಟ್ಟದ್ದೆಲ್ಲ ಆದದ್ದು ಹಣ್ಣಿನ ರಸದಿಂದ.

ಮೊದಲ ಬಾರಿಗೆ ಮುಂದಿನ ಗೇಟಿನಿಂದ ಒಳಗೆ ಬಿಟ್ಟಿದ್ದರು. ವೇದಿಕೆಯ ಪಕ್ಕದ ಕೋಣೆಯಲ್ಲಿ ಕೂರಿಸಿ ಒಂದು ಗ್ಲಾಸು ತಂದಿಟ್ಟರು. ತಣ್ಣಗಿತ್ತು, ಸಿಹಿಯಾಗಿತ್ತು. ಬೇಡ ಎನ್ನಬೇಕಿತ್ತು. ಬಿಟ್ಟಿ ಸಿಕ್ಕಿದೆ ಎಂದು ಒಂದು ಕುಡಿದಳು. ತಟ್ಟೆ ಹಿಡಿದವನು ಇನ್ನೊಂದು ಬೇಕೇ ಎಂದ. ಹೂಂ ಎಂದಳು. ಸಮಾರಂಭ ಒಂದು ಗಂಟೆ ತಡವಾಯಿತು. ಮೂರನೆಯದೂ ಹೊಟ್ಟೆ ಸೇರಿತು. ವೇದಿಕೆ ಹತ್ತಿಸಿ ಕೂರಿಸಿದ ಮೇಲೆ ಇಬ್ಬರು ಡಾಕ್ಟರು ಮಾತಾಡಿದರು. ಹಾರ್ಮೋನಿನ ಚರಿತ್ರೆ, ಪುಡಿಯ ಶುದ್ಧತೆ, ಗುಣವಾದವರ ಅಂಕಿ ಅಂಶ. ಒಬ್ಬರಂತೂ ‘ಮಾನವ ಮೂಲದ ದ್ರವ’ ಎಂದು ಹತ್ತು ಸಲ ಅಂದರು. ಒಂದು ಸಲವೂ ಉಚ್ಚೆ ಎನ್ನಲಿಲ್ಲ. ಕ್ಯಾನಕ್ಕನಿಗಂತೂ ಆಗ ಆ ಮಾನವ ಮೂಲದ ದ್ರವದ್ದೇ ಧ್ಯಾನ. ಕಬ್ಬಿಣದ ಮೂತ್ರಕೋಶ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕೈಕೊಟ್ಟಿತ್ತು.

ಅವಳು ಮೆಲ್ಲನೆ ಎದ್ದು ಪಕ್ಕಕ್ಕೆ ಬಂದಳು. ಮ್ಯಾನೇಜರನ ತೋಳು ಮುಟ್ಟಿದಳು.

"ಸಾರ್, ಒಂದಕ್ಕೆ ಹೋಗಬೇಕು."

"ಈಗಲಾ? ಮುಂದಿನ ಮಾತು ನಿಮ್ಮದೇ."

"ಬೇಗ ಬಂದುಬಿಡ್ತೀನಿ."

"ಅದು ಗೆಸ್ಟುಗಳಿಗೆ ಇಟ್ಟಿರೋದು ಅಕ್ಕ. ಕ್ಲೀನ್ ಮಾಡಿಸಿ ಇಟ್ಟಿದ್ದೀವಿ. ಹತ್ತು ನಿಮಿಷ ತಡ್ಕೊಳ್ಳಿ. ನಿಮಗೆಲ್ಲ ಅಭ್ಯಾಸ ಇದೆಯಲ್ಲ."

ಅಭ್ಯಾಸ ಇದೆಯಲ್ಲ. ಹಾಗಾದರೆ ಗೊತ್ತಿತ್ತು ಇವನಿಗೆ. ಅಷ್ಟೂ ವರ್ಷ ಹೆಂಗಸರು ಕಾಲು ಹೆಣೆದು ನಿಲ್ಲುವುದನ್ನು ಕಿಟಕಿಯಿಂದ ನೋಡಿದ್ದ. ನೋಡಿ, ಬೀಗ ಇದ್ದಲ್ಲೇ ಇರಲಿ ಎಂದಿದ್ದ.

ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಮೈಕಿನ ಮುಂದೆ ನಿಂತಳು. ಮುಂದಿನ ಸಾಲಿನಲ್ಲಿ ಡಾಕ್ಟರುಗಳು. ಅವರ ಹಿಂದೆ ಎಳೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು. ಗೋಡೆಗೆ ಒತ್ತಿಕೊಂಡು ನಿಂತ ಕಾರ್ಡಿನ ಹೆಂಗಸರು, ಅವಳ ಸಾಲಿನವರು. ಕಾಗದ ಬಿಚ್ಚಿದಳು. ಮೊದಲ ಸಾಲು ಓದಿದಳು, ಎರಡನೆಯದು ಓದಿದಳು. ಮೂರನೆಯದಕ್ಕೆ ಎರಡೂ ಮಂಡಿ ಕೂಡಿಸಿ ನಿಂತಳು. ‘ನಮ್ಮ ಆರೋಗ್ಯ, ಶುಚಿತ್ವ ಹಾಗೂ’ ಎಂದವಳು ನಿಂತುಬಿಟ್ಟಳು.

ಚಪ್ಪಾಳೆಯ ಜಾಗ ಎಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು.

"ಚಪ್ಪಾಳೆ ಬೇಡ" ಎಂದಳು. "ಇಲ್ಲಿಗೆ ಸಾಕು. ಮುಂದೆ ಬರೆದಿರೋದನ್ನ ನಾನು ಓದಲ್ಲ."

ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಡಿಸಿದಳು.

"ನನಗೆ ಒಂದಕ್ಕೆ ಬಂದಿದೆ. ಮೂರು ಗ್ಲಾಸು ರಸ ಕುಡಿದಿದ್ದೀನಿ, ತಪ್ಪು ನಂದೇ. ಜಾಗ ಕೇಳಿದೆ. ಇಲ್ಲ ಅಂದ್ರು. ಇವತ್ತು ಅಂತಲ್ಲ, ಹದಿನಾಲ್ಕು ವರ್ಷದಿಂದ ಇಲ್ಲ ಅಂತಾರೆ. ನಾವು ನಲವತ್ತೆರಡು ಜನ. ದಿನಾ ಇಲ್ಲಿಗೆ ಉಚ್ಚೆ ತರ್ತೀವಿ. ನಮ್ಮದು ಹೊಯ್ಯೋಕೆ ಬಿಡಲ್ಲ. ಅದಕ್ಕೆ ನಾವು ನೀರು ಕುಡಿಯಲ್ಲ. ನನ್ನ ತಂಗಿಗೂ ಕುಡೀಬೇಡ ಅಂದೆ. ಅವಳ ಮೂತ್ರಪಿಂಡಕ್ಕೆ ಸೋಂಕಾಯ್ತು. ನೀವು ಅವಳನ್ನ ಕೊಳಕಿ ಅಂದ್ರಿ. ನೋಟೀಸ್ ಅಂಟಿಸಿದ್ರಿ. ಅವಳು ದಿನಕ್ಕೆ ಮೂರು ಸಲ ಮೈ ತಿಕ್ಕಿಕೊಳ್ತಾಳೆ ಸಾರ್, ಚರ್ಮ ಕಿತ್ತು ಬರೋ ಹಾಗೆ. ಅವಳು ಕೊಳಕಿ ಅಲ್ಲ. ನಿಮ್ಮ ಬೀಗ ಕೊಳಕು."

ಇನ್ನೂ ಹೇಳುವುದಿತ್ತು. ಆದರೆ ದೇಹಕ್ಕೆ ಭಾಷಣ ಗೊತ್ತಾಗುವುದಿಲ್ಲ. "ಈಗ ನಾನು ಹೋಗ್ತೀನಿ" ಎಂದು ಮೈಕು ಬಿಟ್ಟು ಇಳಿದಳು. ಸಭೆಯ ನಡುವೆಯೇ ನಡೆದಳು. ಹೊರಗೆ ಅತಿಥಿಗಳ ಪಾಯಿಖಾನೆಯ ಬಾಗಿಲಲ್ಲಿ ಹಿಂದಿನ ಗೇಟಿನ ಗಾರ್ಡೇ ಇದ್ದ, ಅಭ್ಯಾಸಬಲದಿಂದ ಅಡ್ಡ ನಿಂತ.

"ಸಿಬ್ಬಂದಿಗೆ ಮಾತ್ರ."

"ಬಾಗಿಲು ಬಿಡು. ಇಲ್ಲಾಂದ್ರೆ ಇಲ್ಲೇ ಕೂರ್ತೀನಿ. ಕಾರ್ಪೆಟ್ಟು ಹೊಸದು, ಆಮೇಲೆ ತೊಳೆಯೋನು ನೀನೇ."

ಗಾರ್ಡು ಕಾರ್ಪೆಟ್ಟು ನೋಡಿದ, ಅವಳ ಮುಖ ನೋಡಿದ, ಪಕ್ಕಕ್ಕೆ ಸರಿದ.

ಒಳಗೆ ಬಿಳಿ ಟೈಲ್ಸು. ಕನ್ನಡಿ. ಸುವಾಸನೆಯ ಸೋಪು. ಚಿಲಕ ಹಾಕಿ ಕೂತಳು. ಕೂತರೆ ಬರಲಿಲ್ಲ. ಒಂದು ಹನಿಯೂ ಬರಲಿಲ್ಲ. ಈ ಕಟ್ಟಡದಲ್ಲಿ ಕಟ್ಟಿಕೊಳ್ಳುವುದು ಮೈಗೆ ಎಷ್ಟು ಅಂಟಿತ್ತೆಂದರೆ ಅದಕ್ಕೆ ಬಿಡುವುದು ಹೇಗೆಂದು ಮರೆತುಹೋಗಿತ್ತು. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಇಷ್ಟು ರಂಪ ಮಾಡಿ, ತಂಗಿಯ ಕಾರ್ಡು ಕಳೆದು, ತನ್ನದನ್ನೂ ಕಳೆದು, ಕೊನೆಗೆ ಬರಿದೇ ಕೂತಿದ್ದೇನಲ್ಲ ಎಂದು ಅವಳಿಗೆ ನಗು ಬಂತು. ಒಬ್ಬಳೇ ನಕ್ಕಳು. ನಗು ಅಳುವಾಯಿತು. ಅಳುತ್ತ ಅಳುತ್ತ ಮೈ ಸಡಿಲವಾಯಿತು. ಆಗ ಬಂತು. ಟೈಲ್ಸಿನ ಕೋಣೆಯಲ್ಲಿ ಅದರ ಸದ್ದು ಜೋರಾಗಿ ಕೇಳಿತು. ಕೇಳಿದರೆ ಕೇಳಲಿ ಎಂದು ಅವಳು ಕೊನೆಯ ಹನಿಯವರೆಗೂ ಕೂತಿದ್ದಳು.

ಹೊರಗೆ ಬಂದಾಗ ಬಾಗಿಲಲ್ಲಿ ಅವಳ ಸಾಲಿನ ಎಂಟು ಹತ್ತು ಹೆಂಗಸರು ನಿಂತಿದ್ದರು. ಅವರ ಹಿಂದೆ ಮ್ಯಾನೇಜರ್. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋದರು. ಅವನು ಅವರನ್ನು ತಡೆಯಲಿಲ್ಲ, ಅತಿಥಿಗಳು ನೋಡುತ್ತಿದ್ದರು. ಕ್ಯಾನಕ್ಕನ ಕೊರಳ ಕಾರ್ಡನ್ನು ಸದ್ದಿಲ್ಲದೆ ಬಿಡಿಸಿಕೊಂಡು, ಅವಳ ಕಿವಿಯ ಹತ್ತಿರ ಬಾಗಿ ಹಲ್ಲು ಕಚ್ಚಿ ಹೇಳಿದ:

"ಎರಡೂ ಕಾರ್ಡು ಮರೆತುಬಿಡು. ನಾಳೆಯಿಂದ ಈ ಕಡೆ ಮುಖ ಹಾಕಬೇಡ."

ಮತ್ತೆ ನೀನು. ಕ್ಯಾನಕ್ಕನಿಗೆ ಒಂದು ರೀತಿಯ ಸಮಾಧಾನವಾಯಿತು. ಈ ಮನುಷ್ಯನನ್ನು ಅವಳು ಬಲ್ಲಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಧೈರ್ಯ ಬಸ್‌ಸ್ಟಾಪಿಗೆ ಇಷ್ಟಿಷ್ಟರಂತೆ ಇಳಿದುಹೋಯಿತು. ಮನೆ ಬಾಗಿಲಿಗೆ ಬರುವಾಗ ಏನೂ ಉಳಿದಿರಲಿಲ್ಲ. ತಂಗಿಯ ಮುಂದೆ ಕೂತು ಎಲ್ಲ ಹೇಳಿದಳು. ರಸದ ಗ್ಲಾಸು, ಮಂಡಿ ಕೂಡಿಸಿ ನಿಂತದ್ದು, ಬರದೇ ಕೂತದ್ದು.

"ನಿನ್ನ ಕಾರ್ಡು ಹೋಯ್ತು ಕಣೇ. ಮೂರು ಗ್ಲಾಸು ರಸಕ್ಕೆ ಮಾರಿಬಂದೆ."

ತಂಗಿ ಹತ್ತಿರ ಸರಿದು ಕೂತಳು. ಆಮೇಲೆ ಕೇಳಿದಳು. "ಅಷ್ಟು ಜನರ ಮುಂದೆ ಅಂದ್ಯಾ? ನಾನು ಕೊಳಕಿ ಅಲ್ಲ ಅಂತ?"

"ಅಂದೆ. ಮೈಕಲ್ಲಿ."

ತಂಗಿ ಆ ದಿನ ಸಂಜೆ ಸ್ನಾನ ಮಾಡಲಿಲ್ಲ. ಒಲೆ ಮುಂದೆ ಕೂತು ಎರಡು ಲೋಟ ಟೀ ಕಾಸಿದಳು. ದೊಡ್ಡ ಲೋಟ.

ಮರುದಿನ ಬೆಳಗ್ಗೆ ಅವರಿಬ್ಬರ ಓಣಿಗಳಿಗೂ ಹೊಸಬಳೊಬ್ಬಳನ್ನು ಕಳಿಸಿದರು. ಕ್ಯಾನಕ್ಕ ಕಿಟಕಿಯಲ್ಲಿ ನಿಂತು ನೋಡಿದಳು. ಎದುರು ಮನೆಯ ಮೆಟ್ಟಿಲ ಮೇಲೆ ಎಪ್ಪತ್ತೊಂದರ ಅಜ್ಜಿ ಕೂತಿದ್ದಳು, ಸದಾ ಅಲ್ಲೇ ಕೂರುವುದರಿಂದ ಓಣಿಗೆಲ್ಲ ಅವಳು ಮೆಟ್ಟಿಲಜ್ಜಿ. ತಂಗಿಯ ಕ್ಯಾನಿಗೆ ಮೊದಲ ಡಬ್ಬಿ ಕೊಡುತ್ತಿದ್ದವಳು ಅವಳೇ.

"ಡಬ್ಬಿ ಕೊಡಜ್ಜಿ" ಎಂದಳು ಹೊಸಬಳು.

"ಯಾಕಮ್ಮ? ನಂದು ಕೊಳಕಲ್ವಾ?"

"ಯಾರಂದ್ರು?"

"ಗೇಟಿಗೆ ಬರೆದು ಅಂಟಿಸಿದ್ದಾರಂತಲ್ಲ, ಕೊಳಕು ಮಾಲು ಅಂತ. ಆ ಕ್ಯಾನಲ್ಲಿ ಇದ್ದಿದ್ದು ಯಾರದ್ದು? ನಂದು, ಇವಳದು, ಮೇಲಿನ ಮನೆಯವಳದು. ಎಪ್ಪತ್ತೊಂದು ವರ್ಷಕ್ಕೆ ನನ್ನ ಉಚ್ಚೆ ಬಗ್ಗೆ ಅವನ್ಯಾರೋ ತೀರ್ಪು ಕೊಡ್ತಾನಾ?" ಅಜ್ಜಿ ಎದ್ದು, ಡಬ್ಬಿಯ ನೀಲಿ ಮುಚ್ಚಳ ತಿರುವಿ, ಮೋರಿಗೆ ಸುರಿದು, ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಕಾಲಿಟ್ಟು ಕೂತಳು.

ಕ್ಯಾನಕ್ಕ ಹೇಳಿಕೊಟ್ಟದ್ದಲ್ಲ ಇದು. ಅವಳಿಗೆ ಇಂಥ ಬುದ್ಧಿ ಹೊಳೆಯುತ್ತಿರಲಿಲ್ಲ. ಅಜ್ಜಿಯನ್ನು ನೋಡಿ ಪಕ್ಕದವಳು ಸುರಿದಳು. ಪಕ್ಕದವಳನ್ನು ನೋಡಿ ಮೇಲಿನವಳು. ಎರಡನೇ ದಿನ ಬೇರೆ ಓಣಿಗಳಿಗೂ ಸುದ್ದಿ ಹೋಯಿತು, ಸಾಲಿನ ಹೆಂಗಸರೇ ಒಯ್ದು ಮುಟ್ಟಿಸಿದರು. ಮೂರನೇ ದಿನ ನಲವತ್ತು ಗಾಡಿಯೂ ಹಿಂದಿನ ಗೇಟಿಗೆ ಬರಿದೇ ಬಂದು, ಬೀಗ ಹಾಕಿದ ಬಾಗಿಲ ಮುಂದೆ ಸಾಲಾಗಿ ನಿಂತವು. ಮೇಡಂ ಪಟ್ಟಿ ಹಿಡಿದು ಸುಮ್ಮನೆ ಕೂತಿದ್ದರಂತೆ. ತೊಟ್ಟಿಗಳು ಒಣಗುತ್ತಿವೆಯಂತೆ. ಹೆಂಗಸರಿಗೆ ದುಡಿಮೆ ಇಲ್ಲದೆ ಮೂರು ದಿನ. ಯಾರೂ ಕ್ಯಾನಕ್ಕನನ್ನು ಬೈಯಲಿಲ್ಲ. ಬೈದರೆ ಅವಳಿಗೇ ಹಗುರವಾಗುತ್ತಿತ್ತೇನೋ.

ನಾಲ್ಕನೇ ದಿನ ಹನ್ನೊಂದು ಗಂಟೆಗೆ ಮ್ಯಾನೇಜರ್ ಬಂದ. ಕಾರು ಓಣಿಯೊಳಗೆ ಬರಲಾರದೆ ನಿಂತಿತ್ತು, ನಡೆದೇ ಬಂದ. ಬಾಗಿಲ ಹೊರಗೆ ನಿಂತ. ಮೂಗಿಗೆ ಕರವಸ್ತ್ರ ಇರಲಿಲ್ಲ. ಕೈಯಲ್ಲಿ ಎರಡು ಕಾರ್ಡು ಇತ್ತು.

"ಆಗಿದ್ದಾಯ್ತು ಅಕ್ಕ. ಮನಸ್ಸಿಗೆ ಹಚ್ಕೋಬೇಡಿ. ತಗೊಳ್ಳಿ, ನಿಮ್ಮದು, ನಿಮ್ಮ ತಂಗೀದು. ನಾಳೆಯಿಂದ ಬನ್ನಿ. ಓಣಿಯವರಿಗೂ ಒಂದು ಮಾತು ಹೇಳಿ."

ಕ್ಯಾನಕ್ಕನ ಬಲಗೈ ಅವಳನ್ನು ಕೇಳದೆಯೇ ಮುಂದೆ ಚಾಚಿತು. ಹದಿನಾಲ್ಕು ವರ್ಷ ಅವನು ಕೊಟ್ಟದ್ದನ್ನು ತೆಗೆದುಕೊಂಡ ಕೈ ಅದು, ಪಾಪ, ಅದಕ್ಕೆ ಬೇರೆ ಗೊತ್ತಿಲ್ಲ. ಅವಳು ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದುಕೊಂಡಳು.

"ನೋಟೀಸು?"

"ತೆಗೆಸಿದ್ದೀನಿ."

"ತೆಗೆದ್ರೆ ಸಾಲದು. ತಪ್ಪಾಯ್ತು ಅಂತ ಅದೇ ಜಾಗದಲ್ಲಿ ಬರೆದು ಅಂಟಿಸಿ."

"ನೋಡೋಣ."

"ಬೀಗದ ಕೈ?"

"ಅದು ಮೇಲಿನವರು ತೀರ್ಮಾನ ಮಾಡಬೇಕು ಅಕ್ಕ. ನನ್ನ ಕೈಯಲ್ಲಿಲ್ಲ. ಮೊದಲು ನೀವು ಮಾಲು ಶುರು ಮಾಡಿ. ದಯವಿಟ್ಟು. ಎರಡು ತೊಟ್ಟಿ ಪೂರ್ತಿ ಖಾಲಿ. ಇವತ್ತು ಸಂಜೆಯೊಳಗೆ ಹತ್ತು ಕ್ಯಾನಾದ್ರೂ ಸಿಕ್ಕಿದ್ರೆ..."

ಅವನು ಎರಡೂ ಕೈ ಮುಂದೆ ಮಾಡಿ ನಿಂತಿದ್ದ. ಕಾರ್ಡು ಕೊಡಲೆಂದೇ ಮುಂದೆ ಮಾಡಿದ್ದು. ಆದರೆ ನೋಡುವವರಿಗೆ ಹಾಗೆ ಕಾಣುತ್ತಿರಲಿಲ್ಲ. ಎದುರಿನ ಮೆಟ್ಟಿಲಜ್ಜಿಗಂತೂ ಹಾಗೆ ಕಾಣಲೇ ಇಲ್ಲ, ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಕ್ಯಾನಕ್ಕ ಅವನಿಗೊಂದು ಮಾತು ಹೇಳಿ ಬಾಗಿಲು ಹಾಕಿಕೊಂಡಳು. ಮೆಲ್ಲಗೇ ಹೇಳಿದಳು, ಮೆಲ್ಲಗೇ ಹಾಕಿಕೊಂಡಳು. ಹಾಕಿಕೊಂಡ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಅಲ್ಲೇ ಕೂತಳು.

"ಯಾರಕ್ಕ ಅದು?" ಒಳಗಿನಿಂದ ತಂಗಿ ಕೂಗಿದಳು.

"ಯಾರೋ ಉಚ್ಚೆ ಬೇಡೋಕೆ ಬಂದಿದ್ದ ಕಣೇ. ಇವತ್ತು ಏನೂ ಇಲ್ಲ, ಮುಂದಕ್ಕೆ ಹೋಗಪ್ಪ ಅಂದೆ."